ಆಫ್ರಿಕಾ ಖಂಡದ ಫಾರ್ವರ್ಡ್, ಮುಕ್ಕಾಂ ಯಲ್ಲಾಪುರ

ಓದುಗ ಅಣ್ಣಂದಿರಿಗೂ ಅಕ್ಕಂದಿರಿಗೂ ಯಲ್ಲಾಪುರದಿಂದ ನಮಸ್ಕಾರ. ನಾನು ಟೆಂಪೋ ಓಡಿಸುವವನು, ಊರವರ ಬಾಯಲ್ಲಿ ಮಂಜಣ್ಣ. ಸ್ಟೇರಿಂಗ್ ಹಿಡಿದು ಮರಗಟ್ಟಿದ ಕೈಗೆ ಮೊಬೈಲಿನ ಈ ಸಣ್ಣ ಅಕ್ಷರಗಳನ್ನು ಒತ್ತುವುದೆಂದರೆ ನೆಲಕ್ಕೆ ಚೆಲ್ಲಿದ ಸಾಸಿವೆ ಹೆಕ್ಕಿದ ಹಾಗೆ. ಒಂದೇ ಬೆರಳಿನಲ್ಲಿ ಹೊಡೆಯುತ್ತಾ ಹೋಗುತ್ತೇನೆ, ಒತ್ತಕ್ಷರ ಬಂದರೆ ಘಟ್ಟದ ತಿರುವು ಬಂದ ಹಾಗೆ ಗೇರು ಇಳಿಸುತ್ತೇನೆ. ಆದರೂ ಎಲ್ಲಾದರೂ ದೀರ್ಘ ತಪ್ಪಿದರೆ, ಅಲ್ಪಪ್ರಾಣದ ಸೀಟಿನಲ್ಲಿ ಮಹಾಪ್ರಾಣ ಹತ್ತಿ ಕೂತರೆ, ದೊಡ್ಡ ಮನಸ್ಸು ಮಾಡಿ ಹೊಟ್ಟೆಗೆ ಹಾಕಿಕೊಳ್ಳಿ. ಮೀಸೆ ಹಣ್ಣಾಗಲು ಶುರುವಾದ ಮೇಲೆ ಎಸ್ಸೆಸ್ಸೆಲ್ಸಿ ಪಾಸು ಮಾಡಿದವನ ಕನ್ನಡ ಇದು. ಇದಕ್ಕಿಂತ ಹೆಚ್ಚು ವೇಗ ಇದಕ್ಕಿಲ್ಲ.

ಮೊನ್ನೆ ಟೆಂಪೋ ತೊಳೆಯುತ್ತಿದ್ದೆ. ಹಿಂದಿನ ಸೀಟಿನ ಅಡಿಯಿಂದ ಒಂದು ಪ್ಲಾಸ್ಟಿಕ್ ಬಾಲು ಉರುಳಿಕೊಂಡು ಬಂತು. ಅರ್ಧ ಗಾಳಿ ಹೋಗಿದೆ, ಮೈಮೇಲೆ ಪೂರ್ತಿ ಪ್ರಪಂಚದ ಭೂಪಟ. ನಾನು ಪರೀಕ್ಷೆಗೆ ಓದುತ್ತಿದ್ದಾಗ ನನ್ನ ಹೆಂಡತಿ ಸುಮಿತ್ರಾ ತಂದುಕೊಟ್ಟಿದ್ದು. ಪುಸ್ತಕದಲ್ಲಿ ಭೂಮಿ ಚಪ್ಪಟೆ ಇದ್ದರೆ ಇವನ ತಲೆಗೆ ಹೋಗುವುದಿಲ್ಲ, ಕೈಯಲ್ಲಿ ಹಿಡಿದರೆ ಹೋದೀತು ಎಂದು ಅವಳ ಲೆಕ್ಕಾಚಾರ. ಬಾಲಿಗೆ ಗಾಳಿ ಊದುವ ತೂತು ಅಂಟಾರ್ಟಿಕಾದಲ್ಲಿತ್ತು. ದಿನಾ ಬೆಳಿಗ್ಗೆ ಅಂಟಾರ್ಟಿಕಾಕ್ಕೆ ಬಾಯಿಟ್ಟು ಊದಿ, ಆಮೇಲೆ ಖಂಡಗಳನ್ನು ಬಾಯಿಪಾಠ ಮಾಡುತ್ತಿದ್ದೆ.

ಅದಕ್ಕೆ ಮುಂಚೆ ನನಗಿದ್ದ ಭೂಗೋಳ ಟೆಂಪೋದ್ದು. ಪೂರ್ವಕ್ಕೆ ಕಿರವತ್ತಿ, ಅಲ್ಲಿ ಧಾಬಾದಲ್ಲಿ ಊಟ, ಅದರಾಚೆ ಹುಬ್ಬಳ್ಳಿ. ಪಶ್ಚಿಮಕ್ಕೆ ಅರಬೈಲು ಘಟ್ಟ, ಇಳಿದರೆ ಅಂಕೋಲೆ. ದಕ್ಷಿಣಕ್ಕೆ ಶಿರಸಿ, ಶಿರಸಿ ದಾಟಿದರೆ ಸಿದ್ದಾಪುರ, ಸಿದ್ದಾಪುರದ ಆಚೆ ಜೋಗ. ಜೋಗದಲ್ಲಿ ಭೂಮಿ ಬಿದ್ದು ಹೋಗುತ್ತದೆ. ಇಷ್ಟರಲ್ಲಿ ನನ್ನ ಸಂಸಾರ ಸರಿಯಾಗಿಯೇ ನಡೆದಿತ್ತು. ಏಳು ಖಂಡ ಇವೆ ಎಂದು ತಿಳಿದ ಮೇಲೆ ಬಾಡಿಗೆ ಏನೂ ಹೆಚ್ಚು ಸಿಗಲಿಲ್ಲ.

ಪರೀಕ್ಷೆಯ ಮೊದಲ ದಿನದ ಕಥೆ ಹೇಳಿಬಿಡುತ್ತೇನೆ. ಹಾಲ್ ಟಿಕೆಟ್ ಹಿಡಿದು ಕೊಠಡಿ ಬಾಗಿಲಲ್ಲಿ ನಿಂತಿದ್ದೆ. ಒಳಗಿದ್ದ ಮೇಡಂ ನನ್ನ ಮೀಸೆ ನೋಡಿ, "ಮಗುನ್ನ ಬಿಟ್ಟಾಯ್ತಲ್ಲ, ಪೋಷಕರು ಗೇಟಿಂದ ಹೊರಗೆ ಹೋಗ್ಬೇಕು" ಎಂದರು. "ಮೇಡಂ, ಮಗು ನಾನೇ" ಎಂದೆ. ಇಡೀ ಕೊಠಡಿ ನಕ್ಕಿತು. ಆ ದಿನ ನಕ್ಕ ಮಕ್ಕಳೇ ಮುಂದೆ ನನಗೆ ಸ್ಕೇಲು, ರಬ್ಬರು ಎಲ್ಲ ಕೊಟ್ಟವು. ಸಮಾಜ ವಿಜ್ಞಾನದಲ್ಲಿ ನನಗೆ ಬಂದ ಅಂಕ ಇಲ್ಲಿ ಬರೆಯುವುದಿಲ್ಲ. ಪಾಸಿಗೆ ಸಾಕಾಯಿತು, ಗರ್ವಕ್ಕೆ ಸಾಕಾಗಲಿಲ್ಲ.

ಆದರೆ ಖಂಡದ ಜ್ಞಾನ ಎಂಬುದು ನಿಜವಾಗಿ ಎಲ್ಲಿ ಸಿಗುತ್ತದೆ ಎಂದರೆ ನಮ್ಮ ಬಸ್ ಸ್ಟ್ಯಾಂಡ್ ಹತ್ತಿರದ ಚಾದಂಗಡಿಯಲ್ಲಿ. ಅಲ್ಲಿ ಇಬ್ಬರು ಪಂಡಿತರು ಇದ್ದಾರೆ. ಒಬ್ಬರು ಭಟ್ಟರು, ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಇನ್ನೊಬ್ಬರು ಹೆಗಡೆಯವರು, ನಿವೃತ್ತಿ ಅನ್ನುವುದಕ್ಕೆ ಯಾವ ಕೆಲಸದಲ್ಲೂ ಇರದವರು. ಕತಾರಿನಲ್ಲಿ ಫುಟ್‌ಬಾಲ್ ವಿಶ್ವಕಪ್ಪು ನಡೆಯುವಾಗ ಇಬ್ಬರೂ ಒಂದು ಪಂದ್ಯವನ್ನೂ ನೋಡಲಿಲ್ಲ. ಒಂಬತ್ತಕ್ಕೆ ಮಲಗುವವರು. ಬೆಳಿಗ್ಗೆ ಪೇಪರಿನ ತಲೆಬರಹ ಓದಿ ಚಾ ಬರುವುದರೊಳಗೆ ಇಡೀ ಆಟ ಆಡಿ ಮುಗಿಸುತ್ತಿದ್ದರು. ನೋಡಿದವರಿಗೆ ಆಟ ಮಾತ್ರ ಕಾಣುತ್ತದೆ, ನೋಡದವರಿಗೆ ಕಾರಣ ಕಾಣುತ್ತದೆ.

"ಹೆಗಡೆ, ಕಪ್ಪು ಹೇಳದು ಎರಡೇ ಖಂಡದ ಸೊತ್ತು ನೋಡು," ಭಟ್ಟರು ತಮ್ಮ ಹವ್ಯಕ ಮಾತಿನಲ್ಲಿ ಹೇಳುವರು. "ಒಂದೋ ಯುರೋಪು, ಇಲ್ದಿದ್ರೆ ದಕ್ಷಿಣ ಅಮೆರಿಕ. ಬಾಕಿದ್ದವೆಲ್ಲ ಪಂಕ್ತಿ ತುಂಬ್ಸಲೆ ಬಪ್ಪವು."

"ಅದೆಂತಕ್ಕೆ ಹೇಳಿ ಗೊತ್ತಿದ್ದಾ ನಿಂಗೆ? ಯುರೋಪಲ್ಲಿ ಚಳಿ. ಓಡ್ದೇ ಹೋದ್ರೆ ಮೈ ಬೆಚ್ಚಗಾಗ್ತಿಲ್ಲೆ."

"ಹಂಗಾರೆ ಬ್ರೆಜಿಲ್ಲಲ್ಲಿ ಎಂತ ಚಳಿನಾ?"

"ಅಲ್ಲಿ ಸೆಕೆ. ಮನೆ ಒಳಗೆ ಕೂತ್ಗಂಬಲೆ ಆಗ್ತಿಲ್ಲೆ, ಅದ್ಕೆ ಹೊರಗೆ ಬಂದು ಆಡ್ತ."

"ಆಫ್ರಿಕಾದಲ್ಲೂ ಸೆಕೆನೇ ಅಲ್ದಾ ಮಾರಾಯಾ?"

ಹೆಗಡೆಯವರು ಬನ್ಸು ಮುರಿದು ಚಾದಲ್ಲಿ ಅದ್ದಿ ಹೇಳಿದರು. "ಅದು ಬೇರೆ ನಮೂನಿ ಸೆಕೆ."

ಬೇರೆ ನಮೂನಿ ಸೆಕೆ! ಇಂಥ ಶಾಸ್ತ್ರವನ್ನು ಪಠ್ಯದಲ್ಲಿ ಇಟ್ಟಿದ್ದರೆ ನನ್ನಂಥವನಿಗೆ ಸಮಾಜ ವಿಜ್ಞಾನ ಎಷ್ಟು ಸಲೀಸಾಗುತ್ತಿತ್ತು.

ಭಟ್ಟರು ಹೇಳಿದ್ದು ಸುಳ್ಳು ಅನ್ನುವ ಹಾಗಿಲ್ಲ. ಗಂಡಸರ ವಿಶ್ವಕಪ್ಪು ಶುರುವಾದಾಗಿನಿಂದ ಕತಾರಿನವರೆಗೆ ಅದು ಆ ಎರಡು ಖಂಡ ಬಿಟ್ಟು ಆಚೆ ಹೋಗಿಲ್ಲ. ನಮ್ಮ ಕಡೆ ಎರಡು ದೊಡ್ಡ ಮನೆತನಗಳು ತಲೆತಲಾಂತರದಿಂದ ತಮ್ಮತಮ್ಮೊಳಗೇ ಹೆಣ್ಣು ಕೊಟ್ಟು ತಂದು ಮಾಡಿಕೊಳ್ಳುತ್ತವಲ್ಲ, ಹಾಗೆ. ಉಳಿದ ಖಂಡದವರು ಮದುವೆಗೆ ಬರಬೇಕು, ಉಡುಗೊರೆ ಕೊಡಬೇಕು, ಊಟ ಮಾಡಿ ಹೋಗಬೇಕು. ಏಷ್ಯಾದವರು ಒಮ್ಮೊಮ್ಮೆ ದೊಡ್ಡವರೊಬ್ಬರನ್ನು ಸೋಲಿಸಿ ಗದ್ದಲ ಮಾಡುತ್ತಾರೆ, ಆಮೇಲೆ ಬ್ಯಾಗು ಕಟ್ಟುತ್ತಾರೆ. ಆಸ್ಟ್ರೇಲಿಯಾ ತಾನೇ ಒಂದು ಖಂಡವಾದರೂ ಫುಟ್‌ಬಾಲಿಗೆ ಬಂದರೆ ಏಷ್ಯಾದ ಸಾಲಿನಲ್ಲಿ ಬಂದು ನಿಲ್ಲುತ್ತದೆ. ತಾಲೂಕು ಯಲ್ಲಾಪುರ, ಸಂತೆ ಮಾತ್ರ ಶಿರಸಿ ಎನ್ನುವ ಕೆಲವು ಊರುಗಳ ಹಾಗೆ. ಇನ್ನು ನಾವು. ನಾವು ಗಂಡಸರ ವಿಶ್ವಕಪ್ಪಿನಲ್ಲಿ ಇಲ್ಲಿಯವರೆಗೆ ಒಂದೂ ಪಂದ್ಯ ಸೋತಿಲ್ಲ. ಆಡಿಯೇ ಇಲ್ಲ. ಈ ವಿಷಯದಲ್ಲಿ ನಮಗೆ ಸರಿಸಮಾನರು ಎಂದರೆ ನಾನು ದಿನಾ ಗಾಳಿ ಊದುತ್ತಿದ್ದ ಅಂಟಾರ್ಟಿಕಾದವರು.

ಇಂಥ ಚರ್ಚೆ ಕಾವೇರಿದಾಗ ಚಾದಂಗಡಿಗೆ ಬಸ್ತ್ಯಾಂವ್ ಬರುತ್ತಿದ್ದ. ಬಸ್ತ್ಯಾಂವ್ ಸಿದ್ದಿ ನನ್ನ ಗೆಳೆಯ, ಚಂದಗುಳಿ ಕಡೆಯವನು, ಮಾಡಿಗೆ ಹಂಚು ಹೊದೆಸುವ ಕೆಲಸದವನು. ಸಿದ್ದಿಗಳ ಹಿಂದಿನವರು ಎಷ್ಟೋ ನೂರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದವರು ಎನ್ನುವುದು ನಮ್ಮ ತಾಲೂಕಿನಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಅವನಿಗೆ ಮಾತ್ರ ಅದು ವಿಶ್ವಕಪ್ಪು ಬಂದಾಗ ಊರವರು ನೆನಪು ಮಾಡಿಕೊಡುವ ಸಂಗತಿ.

"ಏನೋ ಬಸ್ತ್ಯಾಂವ್, ನಿಮ್ಮವ್ರು ಸೋತ್ರಂತಲ್ಲೋ!" ಹೆಗಡೆಯವರು ಕೂಗಿದರು.

"ಯಾರು ಹೆಗಡೇರೆ?"

"ಅದೇ ಮಾರಾಯಾ, ಸೆನೆಗಲ್."

"ಓ. ನಮ್ಮವ್ರು ಅಂದ್ರೆ ನಾ ಹುಣಶೆಟ್ಟಿಕೊಪ್ಪದವ್ರು ಅಂದ್ಕಂಡೆ. ಹೋದ ವಾರ ವಾಲಿಬಾಲ್ ಸೋತ್ರು. ಅದನ್ನ ಒಬ್ರೂ ಕೇಳ್ಲಿಲ್ಲ ನೋಡಿ."

ಆ ಸಲ ಮೊರಾಕ್ಕೊ ಸೆಮಿಫೈನಲ್ ತನಕ ಹೋಯಿತು. ಆಫ್ರಿಕಾದ ತಂಡವೊಂದು ಅಲ್ಲಿಯವರೆಗೆ ಹೋಗಿದ್ದು ಅದೇ ಮೊದಲು. ಭಟ್ಟರು ಎದ್ದು ನಿಂತು ಬಸ್ತ್ಯಾಂವನ ಕೈ ಕುಲುಕಿ ಅಭಿನಂದನೆ ಹೇಳಿದರು. ಅವನು ಕೈ ಬಿಡಿಸಿಕೊಳ್ಳದೇ, "ಹಂಗಾರೆ ಒಂದು ಚಾ ಹೇಳಿ" ಎಂದ. ಮೊರಾಕ್ಕೊ ಸೋತ ಮರುದಿನ ಸಮಾಧಾನ ಹೇಳಲು ಬಂದರು. "ಹಂಗಾರೆ ಒಂದು ಬನ್ಸ್ ಹೇಳಿ" ಎಂದ. ಆಮೇಲೆ ನನ್ನ ಕಡೆ ತಿರುಗಿ, "ಅಷ್ಟು ದೊಡ್ಡ ಖಂಡ ಮಂಜಣ್ಣ. ನನ್ನ ಪಾಲಿಗೆ ಬಂದದ್ದು ಇಷ್ಟೇ" ಎಂದ.

ಭಟ್ಟರು ಮಾತ್ರ ತಲೆಗೂದಲು ಕಪ್ಪಿದ್ದಾಗಿನಿಂದ ಬ್ರೆಜಿಲ್ ಕಡೆ. ಬ್ರೆಜಿಲ್ ಸೋತ ದಿನ ಅವರ ಗೋತ್ರ ಯಾವುದು ಎಂದು ಯಾರೂ ಕೇಳಲಿಲ್ಲ.

"ನಿಜ ಹೇಳೋ, ನೀ ಯಾವ ತಂಡ?" ಎಂದು ನಾನೊಮ್ಮೆ ಕೇಳಿದ್ದೆ.

"ಉರುಗ್ವೆ."

"ಎಂತಕ್ಕೆ?"

"ನಮ್ಮ ಎರಡು ಮೂರು ಜಿಲ್ಲೆ ಸೇರ್ಸಿದಷ್ಟು ಜನ ಇಲ್ಲ ಅಲ್ಲಿ. ಎರಡು ಸಲ ಕಪ್ ಹೊಡ್ದಿದ್ದಾರೆ. ಮತ್ತೆ, ಈ ಚಾದಂಗಡೀಲಿ ಅವ್ರ ಕಡೆಯವ್ರು ಯಾರೂ ಇಲ್ಲ. ಆರಾಮು."

ಅದೇ ದಿನ ಅವನು ಇನ್ನೊಂದು ಮಾತು ಎಸೆದ. "ಭಟ್ರೆ, ಎರಡೇ ಖಂಡ ಅಂತೀರಲ್ಲ. ಹೆಂಗಸ್ರ ವಿಶ್ವಕಪ್ಪು ಉತ್ತರ ಅಮೆರಿಕದವ್ರು ಗೆದ್ದಿದ್ದಾರೆ, ಜಪಾನಿನವ್ರು ಗೆದ್ದಿದ್ದಾರೆ. ನಮ್ಮ ಸೆಲಿನಾ ಹೇಳಿದ್ಳು."

"ಅದು ಲೆಕ್ಕಕ್ಕೆ ಹಿಡೀಲಿಕ್ಕಿಲ್ಲ."

"ಯಾಕೆ?"

"ಹಿಡೀಲಿಕ್ಕಿಲ್ಲ ಅಂದ್ರೆ ಹಿಡೀಲಿಕ್ಕಿಲ್ಲ."

ಪಂಡಿತರ ಜೊತೆ ವಾದ ಮಾಡಬಾರದು. ನಾವು ಚಾ ಕುಡಿದು ಎದ್ದೆವು.

ಸೆಲಿನಾ ಬಸ್ತ್ಯಾಂವನ ಮಗಳು. ಹೈಸ್ಕೂಲು ಹುಡುಗಿ, ಮಾತು ಕಡಿಮೆ, ಶಾಲೆಯ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಅವಳಿಗೆ ಕೀಪರ್ ಕೆಲಸ ಕಲಿಸಿದ್ದು ಯಾವ ಕೋಚೂ ಅಲ್ಲ, ಮನೆಯ ಹಂಚು. ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಮಾಡಿನ ಹಂಚು ಇಳಿಸಿ, ಪಾಚಿ ತಿಕ್ಕಿ, ಮತ್ತೆ ಹೊದೆಸುವ ರೂಢಿ. ನೆಲದಲ್ಲಿ ಒಬ್ಬರು, ಏಣಿಯಲ್ಲಿ ಒಬ್ಬರು, ಮಾಡಿನ ಮೇಲೆ ಒಬ್ಬರು. ಕೈಯಿಂದ ಕೈಗೆ ಕೊಡುತ್ತ ಕೂತರೆ ಮಳೆಯೇ ಬಂದುಬಿಡುತ್ತದೆ, ಹಾಗಾಗಿ ಹಂಚನ್ನು ಎಸೆಯುತ್ತಾರೆ. ಹಿಡಿಯುವವರು ಕೈ ಗಟ್ಟಿ ಮಾಡಿ ನಿಂತರೆ ಹಂಚು ಒಡೆಯುತ್ತದೆ, ಇಲ್ಲ ಬೆರಳು ಒಡೆಯುತ್ತದೆ. ಅದು ಬರುವ ದಾರಿಯಲ್ಲೇ ಕೈಯನ್ನು ತುಸು ಹಿಂದಕ್ಕೆ ತೆಗೆಯುತ್ತ, ನಿದ್ದೆ ಬಂದ ಮಗುವನ್ನು ಇಸಿದುಕೊಂಡ ಹಾಗೆ ಇಸಿದುಕೊಳ್ಳಬೇಕು. ತಮ್ಮ ಮನೆಯ ಮಾಡಿಗೆ ಅಪ್ಪ ಹತ್ತಿದರೆ ಏಣಿಯ ಮೇಲೆ ಸೆಲಿನಾ. ಅವಳ ಕೈಗೆ ಬಂದ ಹಂಚು ಸದ್ದು ಮಾಡಿದ್ದನ್ನು ನಾನು ಕೇಳಿಲ್ಲ. ಫುಟ್‌ಬಾಲೂ ಹಾಗೆ. ಎಷ್ಟೇ ಜೋರಾಗಿ ಬರಲಿ, ಅವಳ ಹತ್ತಿರ ಬಂದು ಮಲಗಿಬಿಡುತ್ತಿತ್ತು.

ಓಡುವ ವಿಷಯ ಬಂದರೆ ಮಾತ್ರ ಸೆಲಿನಾ ನನ್ನ ಟೆಂಪೋದ ಜಾತಿ. ಹೋಗಿ ಮುಟ್ಟುತ್ತಾಳೆ. ಯಾವಾಗ ಎಂದು ಕೇಳಬಾರದು.

ಆ ವರ್ಷ ಶಿರಸಿಯಲ್ಲಿ ಹುಡುಗಿಯರ ಜಿಲ್ಲಾ ತಂಡಕ್ಕೆ ಆಯ್ಕೆ ಇತ್ತು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಶಾಲೆಗಳಿಂದ ಹುಡುಗಿಯರು ಬರುವವರು. ಸೆಲಿನಾಗೆ ಅದು ಕೊನೆಯ ಅವಕಾಶ, ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತಿತ್ತು. ಅವಳಿಗೆ ಬೇಕಾಗಿದ್ದು ಒಂದೇ, ಜಿಲ್ಲಾ ತಂಡದ ಗೋಲಿನಲ್ಲಿ ನಿಲ್ಲುವುದು. ಹುಡುಗಿಯರನ್ನು ಕರೆದುಕೊಂಡು ಹೋಗುವ ಬಾಡಿಗೆ ನನ್ನದು. ಪಿಟಿ ಮೇಷ್ಟ್ರು ಮುಂದೆ ಕೂತರು, ಬಸ್ತ್ಯಾಂವ್ ಕೆಲಸ ಬಿಟ್ಟು ಹಿಂದೆ ಕೂತ. ಮಂಚಿಕೇರಿ ದಾಟುವವರೆಗೆ ಹುಡುಗಿಯರು ಹಾಡಿದರು, ದಾಟಿದ ಮೇಲೆ ಇಬ್ಬರು ವಾಂತಿ ಮಾಡಿದರು, ಭೈರುಂಬೆ ಹತ್ತಿರ ಮತ್ತೆ ಹಾಡಿದರು. ಸೆಲಿನಾ ಎರಡೂ ಮಾಡಲಿಲ್ಲ. ಕಿಟಕಿ ಪಕ್ಕ ಕೂತು ಬೆರಳು ಮಡಚುತ್ತ ಬಿಡಿಸುತ್ತ ಇದ್ದಳು.

ಮೈದಾನ ಮುಟ್ಟಿದ ಕೂಡಲೇ ಅವಳು ಯಾರನ್ನೂ ಕೇಳದೇ ಹೋಗಿ ಗೋಲಿನ ಕಂಬಗಳ ನಡುವೆ ನಿಂತಳು. ದೇವಸ್ಥಾನಕ್ಕೆ ಹೋದವರು ಗಂಟೆ ಹೊಡೆಯುತ್ತಾರಲ್ಲ, ಹಾಗೆ ಜಿಗಿದು ಮೇಲಿನ ಅಡ್ಡಪಟ್ಟಿ ಮುಟ್ಟಿ ಬಂದಳು.

ಆಗ ಆಯ್ಕೆಯ ಸಾಹೇಬರು ಬಂದರು. ಹೆಸರು ಬೇಡ, ಈಗಲೂ ಇದ್ದಾರೆ, ಇರಲಿ. ನೀಲಿ ಟ್ರ್ಯಾಕ್ ಸೂಟು, ಕೊರಳಲ್ಲಿ ಸೀಟಿ, ಮುಂದೆ ಹೊಟ್ಟೆ. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳ ಮಾಡಬಹುದಿತ್ತು. ಬಹಳ ತಿಳಿದವರು, ಅದೇ ತೊಂದರೆ. ದೂರದಿಂದಲೇ ಸೆಲಿನಾಳನ್ನು ನೋಡಿ ಅವರ ಮುಖ ಅರಳಿತು.

"ಮೇಷ್ಟ್ರೆ, ಈ ಹುಡುಗಿ ನಿಮ್ದಾ? ಇಂಥವ್ಳನ್ನ ಗೋಲಲ್ಲಿ ಯಾರಾದ್ರೂ ನಿಲ್ಲಿಸ್ತಾರೇನ್ರಿ! ಆಫ್ರಿಕನ್ ರಕ್ತ ಅದು. ಚಿರತೆ ಹಂಗೆ ಓಡ್ತದೆ. ಬಾರಮ್ಮ ಮುಂದೆ, ಫಾರ್ವರ್ಡ್ ನಿಲ್ಲು."

"ಸರ್, ನಾನು ಕೀಪರ್," ಎಂದಳು ಸೆಲಿನಾ.

"ಅದು ನಿಂಗೆ ಗೊತ್ತಿಲ್ಲಮ್ಮ, ನಂಗೆ ಗೊತ್ತು. ಇದು ಸೈನ್ಸು."

"ಅವ್ಳು ಕೀಪರ್ರೇ ಸರ್," ಎಂದರು ನಮ್ಮ ಪಿಟಿ ಮೇಷ್ಟ್ರು, ಯಾರಿಗೂ ಕೇಳದಷ್ಟು ಜೋರಾಗಿ.

ಸಾಹೇಬರು ಅವಳ ರಟ್ಟೆ ಹಿಡಿದು ಮೈದಾನದ ಆ ತುದಿಗೆ ಕರೆದುಕೊಂಡು ಹೋದರು. ಗೋಲಿಗೆ ಶಿರಸಿಯ ಒಬ್ಬ ಹುಡುಗಿಯನ್ನು ನಿಲ್ಲಿಸಿದರು. ಹೆಸರು ಅನಘಾ, ಸಪೂರ, ಅಡಿಕೆ ಮರದಷ್ಟು ಉದ್ದ. "ಯುರೋಪಿನ ಕೀಪರ್‌ಗಳೆಲ್ಲ ಹಿಂಗೇ ಇರೋದು" ಎಂದರು. ಇಷ್ಟು ಸುಲಭದಲ್ಲಿ ಒಂದು ಶಿರಸಿ ಹುಡುಗಿ ಯುರೋಪಿಗೂ ಒಂದು ಯಲ್ಲಾಪುರದ ಹುಡುಗಿ ಆಫ್ರಿಕಾಕ್ಕೂ ಹೋಗಿ ಮುಟ್ಟಿದರು. ಪಾಸ್‌ಪೋರ್ಟೂ ಬೇಡ, ವೀಸಾನೂ ಬೇಡ.

ಯಲ್ಲಾಪುರ, ಶಿರಸಿಯವರು ಸೇರಿ ಒಂದು ಕಡೆ, ಸಿದ್ದಾಪುರದವರು ಇನ್ನೊಂದು ಕಡೆಯಾಗಿ ಆಟ ಶುರುವಾಯಿತು. ಸೆಲಿನಾಗೆ ಯಾರೋ ಒಳ್ಳೆಯ ಪಾಸು ಕೊಟ್ಟರು. ಅವಳು ಓಡಿದಳು. ಹಂಚು ತುಂಬಿದ ನನ್ನ ಟೆಂಪೋ ಅರಬೈಲು ಹತ್ತಿದ ಹಾಗೆ. ಬಾಲು ಅವಳಿಗಾಗಿ ಕಾದು, ಬೇಸರ ಬಂದು, ತಾನೇ ಗೆರೆಯಾಚೆ ಹೋಯಿತು.

"ತಿಂಡಿ ತಿಂದಿಲ್ವೇನಮ್ಮ?" ಸಾಹೇಬರು ಕೂಗಿದರು.

ಎರಡನೇ ಸಲವೂ ಹಾಗೇ.

"ಒಳಗೆ ಇದೆ! ಹೊರಗೆ ಬರ್ಬೇಕು ಅಷ್ಟೇ! ಬಿಡು ಅದನ್ನ, ಬಿಡು!"

ಯಾವುದನ್ನು ಬಿಡಬೇಕು ಎಂದು ಪಾಪ ಅವಳಿಗೆ ತಿಳಿಯಲಿಲ್ಲ, ಬಾಲನ್ನು ಬಿಟ್ಟಳು. ಮೂರನೇ ಸಲ ಎಡವಿ ಬಿದ್ದಳು. ಸುತ್ತ ನಿಂತ ಹುಡುಗಿಯರು ಕಿಸಕ್ಕೆಂದರು. ಸಾಹೇಬರು ಕೈಚೆಲ್ಲಿ ಪಕ್ಕದವರಿಗೆ ಹೇಳಿದ್ದು ನನಗೂ ಕೇಳಿತು. "ನೋಡಿ, ಪ್ರತಿಭೆ ಇದೆ, ಆಸಕ್ತಿ ಇಲ್ಲ. ಇವ್ರದ್ದು ಯಾವಾಗ್ಲೂ ಇದೇ ಕಥೆ."

ಶಾಸ್ತ್ರ ನೋಡಿ ಎಷ್ಟು ಗಟ್ಟಿ. ಅವಳು ಓಡಿದ್ದರೆ ರಕ್ತ, ಓಡದಿದ್ದರೆ ಆಲಸ್ಯ. ಯಾವ ಕಡೆಯಿಂದ ಬಂದರೂ ಶಾಸ್ತ್ರಕ್ಕೆ ಗೋಲಾಗುವುದೇ ಇಲ್ಲ.

ಬಿಡುವಿನಲ್ಲಿ ಸೆಲಿನಾ ನಲ್ಲಿಯ ಹತ್ತಿರ ಹೋಗಿ ಮುಖ ತೊಳೆಯುತ್ತ ನಿಂತಳು. ಮುಖ ತೊಳೆಯಲು ಅಷ್ಟು ಹೊತ್ತು ಬೇಡ. ಬಸ್ತ್ಯಾಂವ್ ಟೆಂಪೋದ ಬಾಗಿಲು ಹಿಡಿದು ನಿಂತಿದ್ದ. ಅವನ ಬಾಯಲ್ಲಿ ಅವತ್ತು ಚಾ ಬನ್ಸಿನ ತಮಾಷೆ ಇರಲಿಲ್ಲ.

"ಹೋಗಿ ಹೇಳೋ ಮಾರಾಯಾ, ನೀ ಅಪ್ಪ," ಎಂದೆ.

"ನಾ ಹೇಳಿದ್ರೆ, ಸಿದ್ದಿ ಜಗಳಕ್ಕೆ ಬಂದ ಅಂತಾರೆ. ಅದಕ್ಕೂ ಅವ್ರ ಹತ್ರ ಒಂದು ಸೈನ್ಸ್ ಇರ್ತದೆ. ನೀ ಹೇಳು ಮಂಜಣ್ಣ. ನೀ ಎಸ್ಸೆಸ್ಸೆಲ್ಸಿ ಬೇರೆ ಮಾಡ್ದವ."

ಎಸ್ಸೆಸ್ಸೆಲ್ಸಿ ಎಂದ ಮೇಲೆ ನನಗೂ ಎದೆ ಉಬ್ಬಿತು. ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿದೆ. ಸರ್, ಯುರೋಪಿನ ಫ್ರಾನ್ಸ್ ತಂಡದಲ್ಲಿ ಆಫ್ರಿಕಾ ಮೂಲದ ಮನೆಯವರ ಮಕ್ಕಳು ಎಷ್ಟೋ ಜನ ಇದ್ದಾರೆ. ಅವರು ಗೆದ್ದರೆ ಯಾವ ಖಂಡ ಗೆದ್ದಂತಾಯಿತು? ಅವರಲ್ಲೂ ಒಬ್ಬ ಓಡುತ್ತಾನೆ, ಒಬ್ಬ ತಡೆಯುತ್ತಾನೆ, ಒಬ್ಬ ಗೋಲಲ್ಲಿ ನಿಲ್ಲುತ್ತಾನೆ. ಖಂಡ ಆಡುವುದಿಲ್ಲ ಸರ್, ಮಕ್ಕಳು ಆಡುತ್ತಾರೆ. ಈ ಕೊನೆಯ ವಾಕ್ಯ ನನಗೇ ಬಹಳ ಹಿಡಿಸಿತು. ಎರಡು ಸಲ ಬಾಯೊಳಗೇ ಹೇಳಿಕೊಂಡು ಹೊರಟೆ.

ಸಾಹೇಬರು ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಮಜ್ಜಿಗೆ ಕುಡಿಯುತ್ತಿದ್ದರು.

"ಸರ್, ಈ ಫ್ರಾನ್ಸ್..." ಎಂದೆ.

"ನೀವ್ಯಾರು?"

"ಟೆಂಪೋ ಡ್ರೈವರ್ ಸರ್. ಯಲ್ಲಾಪುರದ್ದು."

"ಹಾಂ, ಆ ಟೆಂಪೋ ನಿಮ್ದೇನಾ? ದಾರೀಲಿ ನಿಲ್ಸಿದ್ದೀರಲ್ರಿ. ತೆಗ್ದು ಆ ಮರದ ಬುಡಕ್ಕೆ ಹಾಕಿ."

ನಾನು ಹೋಗಿ ಟೆಂಪೋ ತೆಗೆದು ಮರದ ಬುಡಕ್ಕೆ ಹಾಕಿದೆ. ಚೆನ್ನಾಗಿ ಹಾಕಿದೆ, ಒಂದೇ ಸಲಕ್ಕೆ, ಹಿಮ್ಮುಖವಾಗಿ. ನನ್ನ ವಿದ್ಯಾಭ್ಯಾಸದಿಂದ ಆ ದಿನ ಆದ ಉಪಯೋಗ ಇಷ್ಟು.

ಟೆಂಪೋದಿಂದ ಇಳಿಯುವಾಗ ನೋಡುತ್ತೇನೆ, ನಲ್ಲಿಯ ಹತ್ತಿರ ಯುರೋಪಿನ ಕೀಪರ್ ಅನಘಾ ಬಂದು ನಿಂತಿದ್ದಾಳೆ. ಅವಳ ಹಣೆಯ ಮೇಲೆ ಬಾಲಿನ ಧೂಳು ಗುಂಡಗೆ ಅಚ್ಚಾಗಿದೆ.

"ಏ, ನಿಂಗೆ ಗೋಲಲ್ಲಿ ನಿಲ್ಲಕ್ಕೆ ಬರ್ತದಾ?" ಎಂದು ಅವಳು ಕೇಳಿದಳು.

"ಹೂಂ."

"ಹಂಗಾರೆ ನೀ ಹೋಗೇ ಮಾರಾಯ್ತಿ, ನಿನ್ನ ದಮ್ಮಯ್ಯ. ನಂಗೆ ಬಾಲ್ ಬಂದ್ರೆ ಕಣ್ಣು ತನ್ನಷ್ಟಕ್ಕೆ ಮುಚ್ಚಿ ಹೋಗ್ತದೆ. ನಾ ನಾನೂರು ಮೀಟರ್ ಓಡೋಳು. ಸುಮ್ನೆ ಉದ್ದ ಇದ್ದೆ ಅಂತ ನಿಲ್ಲಿಸ್ಬಿಟ್ರು."

"ಸರ್ ಬೈತಾರೆ."

"ಅವ್ರು ಮಜ್ಜಿಗೆ ಕುಡೀತಿದ್ದಾರೆ. ಈ ಕೀಪರ್ ಅಂಗಿ ನೀ ಹಾಕು, ನಿಂದು ಬಿಚ್ಚು."

ಇಬ್ಬರೂ ನನ್ನ ಟೆಂಪೋದ ಹಿಂದೆ ಹೋಗಿ, ಒಳಗೆ ಹಾಕಿದ ಬನಿಯನ್ನಿನ ಮೇಲೆ ಅಂಗಿ ಅದಲು ಬದಲು ಮಾಡಿಕೊಂಡು ಬಂದರು. ನಾನು ರಸ್ತೆ ಕಡೆ ಮುಖ ಮಾಡಿ, ಯಾರೂ ಬರದ ಹಾಗೆ ಕಾವಲು ನಿಂತೆ. ಭಾಷಣಕ್ಕಿಂತ ಇದು ನನಗೆ ಚೆನ್ನಾಗಿ ಬಂತು.

ಬಿಡುವಿನ ನಂತರ ಆಟ ಬೇರೆಯೇ ಆಯಿತು. ಅನಘಾ ಗಾಳಿಯ ಹಾಗೆ ಹೋಗಿ ಬಂದು ಹೋಗಿ ಬಂದು ಎರಡು ಗೋಲು ಹೊಡೆದಳು. ಈ ಕಡೆ ಸಿದ್ದಾಪುರದ ಹುಡುಗಿಯರು ಎಷ್ಟು ಒದ್ದರೂ ಬಾಲು ಹೋಗಿ ಹೋಗಿ ಸೆಲಿನಾಳ ಕೈಯಲ್ಲಿ ಮಲಗುತ್ತಿತ್ತು. ಎರಡು ಜಡೆಯ ಒಬ್ಬಳಿಗೆ ಅಳುವೇ ಬಂತು. "ಸರ್, ಈ ಗೋಲಿಗೆ ಏನೋ ಆಗಿದೆ ಸರ್, ಬೆಳಿಗ್ಗೆ ಹೋಗ್ತಿತ್ತು!" ಎಂದು ಕೂಗಿದಳು.

ಸಾಹೇಬರು ಆಗ ಕುರ್ಚಿಯಿಂದ ಎದ್ದರು. ಸೀಟಿ ಊದಿದರು.

"ಯಾರು ಬದಲಾಯ್ಸಿದ್ದು ಜಾಗ? ಯಾರು ಹೇಳಿದ್ದು?"

ಪಿಟಿ ಮೇಷ್ಟ್ರು ತಮ್ಮ ಬೂಟಿನ ಲೇಸು ಕಟ್ಟಲು ಬಗ್ಗಿದರು. ಅವರು ಹಾಕಿದ್ದು ಚಪ್ಪಲಿ.

"ನಾವೇ ಸರ್," ಎಂದಳು ಅನಘಾ.

"ನೀವೇ! ಹಂಗಾರೆ ನಾವೆಂತಕ್ಕೆ ಇರೋದು ಇಲ್ಲಿ?" ಅವರು ಬಾಲು ಎತ್ತಿಕೊಂಡರು. ಸೆಲಿನಾಳ ಎದುರು ಪೆನಾಲ್ಟಿ ಗುರುತಿನ ಮೇಲೆ ಇಟ್ಟರು. "ಕೀಪರ್ ಅಂದ್ಯಲ್ಲ. ನನ್ನದು ತಡಿ. ತಡೆದ್ರೆ ಮಾತು. ಇಲ್ದಿದ್ರೆ ಇಬ್ರೂ ಮನೆಗೆ."

ಇಬ್ಬರೂ ಎಂದಾಗ ಅನಘಾಳ ಮುಖ ಬಾಡಿತು. ಬಸ್ತ್ಯಾಂವ್ ನನ್ನ ತೋಳು ಹಿಡಿದುಕೊಂಡ. ಹಂಚಿನವನ ಹಿಡಿತ. ಅದರ ಗುರುತು ಆಮೇಲೂ ಎರಡು ದಿನ ಇತ್ತು.

ಸಾಹೇಬರು ಹಿಂದೆ ಹೋಗಿ, ಹಿಂದೆ ಹೋಗಿ, ಸಾಕೆನ್ನುವಷ್ಟು ಹಿಂದೆ ಹೋಗಿ, ಅಲ್ಲಿಂದ ಓಡಿ ಬಂದರು. ಮೊದಲು ಹೊಟ್ಟೆ ಬಂತು, ಆಮೇಲೆ ಅವರು ಬಂದರು, ಕೊನೆಗೆ ಕಾಲು ಬಂತು. ಹೊಡೆತ ಸುಳ್ಳಲ್ಲ, ಒಂದು ಕಾಲದಲ್ಲಿ ಆಡಿದವರು. ಬಾಲು ಬಲಗಡೆ ಮೂಲೆಗೆ ಸುಂಯ್ಯೆಂದು ಹೋಯಿತು. ಸೆಲಿನಾ ಅಡ್ಡ ಬಿದ್ದಳು. ಧೂಳು ಎದ್ದಿತು. ಸದ್ದು ಕೇಳಲಿಲ್ಲ.

ಧೂಳು ಇಳಿದಾಗ ಬಾಲು ಅವಳ ಎದೆಯ ಹತ್ತಿರ ಇತ್ತು.

"ಇನ್ನೊಂದು," ಎಂದರು ಸಾಹೇಬರು. ಅದೂ ಮಲಗಿತು. ಇನ್ನೊಂದು ಎನ್ನಲು ಅವರಿಗೆ ಉಸಿರು ಸಿಗಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಆಕಾಶ ನೋಡಿದರು. ಅಲ್ಲೇ ಎಲ್ಲೋ ಹೊಸ ಶಾಸ್ತ್ರ ಹಾರುತ್ತಿತ್ತು ಎಂದು ಕಾಣುತ್ತದೆ, ಹಿಡಿದುಕೊಂಡರು. ಮುಖ ಮತ್ತೆ ಅರಳಿತು.

"ನೋಡಿದ್ರಾ!" ಪಕ್ಕದವರಿಗೆ ಹೇಳಿದರು. "ನಾ ಬೆಳಿಗ್ಗೇನೇ ಹೇಳಿದ್ದೆ. ಆಫ್ರಿಕನ್ ಮೈಕಟ್ಟು, ಸ್ಪ್ರಿಂಗು ಅದು. ಗೋಲಿಗೆ ಹೇಳಿ ಮಾಡ್ಸಿದ್ದು!"

ನನ್ನ ಪಕ್ಕದಲ್ಲಿ ಬಸ್ತ್ಯಾಂವ್ ಬಹಳ ಹೊತ್ತಿನ ಮೇಲೆ ನಕ್ಕ. ಬಾಯಿ ಮಾತ್ರ ನಕ್ಕಿತು.

ಸಾಹೇಬರು ಮೇಜಿನ ಹತ್ತಿರ ಹೋಗಿ ಕೂತು ಪೆನ್ನು ತೆಗೆದರು. ಸೆಲಿನಾಳನ್ನು ಕರೆದರು. ಅವಳ ಮೊಣಕೈ ತರಚಿ ಕೆಂಪಾಗಿತ್ತು. ನಾವೂ ಹಿಂದೆ ಹೋಗಿ ನಿಂತೆವು.

"ಹೆಸರು?"

"ಸೆಲಿನಾ ಬಸ್ತ್ಯಾಂವ್ ಸಿದ್ದಿ."

"ಊರು?"

"ಚಂದಗುಳಿ ಹತ್ರ ಸರ್."

"ಅದು ಸರಿ. ಅದಕ್ಕೂ ಮುಂಚೆ?"

"ಅದಕ್ಕೂ ಮುಂಚೆ ಕಿರವತ್ತಿ ಹತ್ರ ಇದ್ವಿ ಸರ್. ಅಜ್ಜಿ ಮನೇಲಿ."

"ಅಯ್ಯೋ, ಅದಲ್ಲಮ್ಮ." ಸಾಹೇಬರು ಪ್ರೀತಿಯಿಂದಲೇ ಕೇಳಿದರು, ಸುಳ್ಳು ಹೇಳಬಾರದು. "ಅದಕ್ಕೆಲ್ಲಾ ಮುಂಚೆ. ನಿಮ್ಮ ಹಿರಿಯರು ಆಫ್ರಿಕಾದಲ್ಲಿ ಯಾವ ದೇಶದವ್ರು? ಯಾರು ಕರ್ಕೊಂಡ್ ಬಂದಿದ್ದು?"

ಸೆಲಿನಾ ಮೊಣಕೈಯ ಧೂಳು ಒರೆಸಿಕೊಂಡಳು. ಅಷ್ಟು ಮಾತನಾಡಿದ್ದನ್ನು ನಾನು ಅವಳ ಬಾಯಲ್ಲಿ ಅದಕ್ಕೆ ಮುಂಚೆ ಕೇಳಿರಲಿಲ್ಲ.

"ಅದು ನಮ್ಮಪ್ಪಂಗೂ ಗೊತ್ತಿಲ್ಲ ಸರ್. ಇವತ್ತಿಂದು ಗೊತ್ತು. ಬೆಳಿಗ್ಗೆ ನಾ ಗೋಲಲ್ಲೇ ನಿಂತಿದ್ದೆ, ರಟ್ಟೆ ಹಿಡಿದು ಮುಂದೆ ಕರ್ಕೊಂಡ್ ಹೋಗಿದ್ದು ನೀವು. ಗೋಲ್‌ಕೀಪರ್ ಅಂತ ಬರೀರಿ. ಅನಘಾ ಫಾರ್ವರ್ಡ್ ಅಂತ ಬರೀರಿ. ನಾ ನೋಡ್ಕಂಡೇ ಹೋಗ್ತೆ."

ಸಾಹೇಬರ ಪೆನ್ನು ಕಾಗದಕ್ಕೆ ಇಳಿಯಿತು. ಅವಳು ಹೇಳಿದಂತೆಯೇ ಎರಡನ್ನೂ ಬರೆಯಿತು. ಅವಳು ಮೇಜಿನ ಮೇಲೆ ಬಗ್ಗಿ, ಕೊನೆಯ ಅಕ್ಷರ ಮುಗಿಯುವವರೆಗೆ ಓದಿಕೊಂಡು, ಆಮೇಲೆ ಕೈ ತೊಳೆಯಲು ಹೋದಳು.

ಇಷ್ಟು ಒತ್ತುವುದರೊಳಗೆ ನನ್ನ ಬೆರಳು ಸೋತಿತು. ನಿಮ್ಮನ್ನೂ ಯಾರಾದರೂ ಮುಖ ನೋಡಿಯೋ, ಅಡ್ಡಹೆಸರು ಕೇಳಿಯೋ, ಉದ್ದ ಅಳೆದೋ, ನಿಮ್ಮದಲ್ಲದ ಜಾಗದಲ್ಲಿ ನಿಲ್ಲಿಸಿ ಓಡು ಓಡು ಎಂದಿದ್ದರೆ, ಅಲ್ಲಿಂದ ನೀವು ಹೇಗೆ ವಾಪಸು ಬಂದಿರಿ ಎಂದು ಬರೆದು ತಿಳಿಸಿ. ಬರದೇ ಅಲ್ಲೇ ಇನ್ನೂ ಓಡುತ್ತಿದ್ದರೆ ಅದನ್ನೂ ಬರೆಯಿರಿ. ಕಾಗುಣಿತದ ಚಿಂತೆ ಬೇಡ. ಓದುವವನು ನಾನು.